ಕೇಬಲ್‌ನಲ್ಲಿ ಹಾಕಿದ ಬಿಲ್ಡ್ ಸರಿ, ಪ್ಲೇ ಸ್ಟೋರ್‌ನಿಂದ ಇಳಿಸಿದರೆ ಗೂಗಲ್ ಲಾಗಿನ್ ಆಗ್ತಿಲ್ಲ (ಫ್ಲಟರ್)

ಅಡಿಕೆ_ಕೋಡು:

ಫ್ಲಟರ್‌ನಲ್ಲಿ (ಒಂದೇ ಕೋಡ್‌ನಿಂದ ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಆ್ಯಪ್ ಕಟ್ಟುವ ಸಾಧನ) ಮಾಡಿದ ಸಣ್ಣ ಆ್ಯಪ್. ಅಡಿಕೆ ಬೆಳೆಗಾರರು ಮಂಡಿಗೆ ಹಾಕಿದ ಮಾಲಿನ ತೂಕ, ಸಿಕ್ಕ ದರ, ಬಿಲ್ಲಿನ ಫೋಟೋ ಇಟ್ಟುಕೊಳ್ಳೋಕೆ. ಲಾಗಿನ್‌ಗೆ ಫೈರ್‌ಬೇಸ್ ಆಥ್ (ಗೂಗಲ್‌ನ ಲಾಗಿನ್ ಸೇವೆ), ಅದರಲ್ಲೂ ಗೂಗಲ್ ಸೈನ್-ಇನ್ ಒಂದೇ. ಗೂಗಲ್ ಸೈನ್-ಇನ್ ಪ್ಲಗಿನ್ ಆವೃತ್ತಿ 7.

ಡೀಬಗ್‌ನಲ್ಲಿ (ಕೋಡ್ ಬರೆಯುವಾಗ ಪರೀಕ್ಷೆಗೆ ಓಡಿಸುವ ಬಿಲ್ಡ್) ಲಾಗಿನ್ ಆಗುತ್ತೆ. ರಿಲೀಸ್ ಬಿಲ್ಡ್ ಮಾಡಿ ಕೇಬಲ್‌ನಲ್ಲಿ ಹಾಕಿದರೂ ಆಗುತ್ತೆ. ಅದೇ ಕೋಡನ್ನು ಬಂಡಲ್ (ಪ್ಲೇ ಸ್ಟೋರ್‌ಗೆ ಕಳಿಸುವ ಫೈಲ್) ಮಾಡಿ ಕ್ಲೋಸ್ಡ್ ಟೆಸ್ಟಿಂಗ್‌ಗೆ (ಆಯ್ದ ಟೆಸ್ಟರ್‌ಗಳಿಗೆ ಮಾತ್ರ) ಏರಿಸಿ ಪ್ಲೇ ಸ್ಟೋರ್‌ನಿಂದ ಇಳಿಸಿದರೆ ಮಾತ್ರ ಖಾತೆಗಳ ಪಟ್ಟಿ ಬರುತ್ತೆ, ಖಾತೆ ಒತ್ತಿದ ತಕ್ಷಣ ಮುಚ್ಚಿಹೋಗುತ್ತೆ. ಲಾಗ್‌ನಲ್ಲಿ 'ಕ್ಯಾನ್ಸಲ್ಡ್' ಅಂತಿದೆ, ಯಾರೂ ಕ್ಯಾನ್ಸಲ್ ಮಾಡಿಲ್ಲ. ಫೈರ್‌ಬೇಸ್‌ನಲ್ಲಿ ಡೀಬಗ್ ಕೀ, ಅಪ್‌ಲೋಡ್ ಕೀ ಎರಡರ ಎಸ್‌ಎಚ್‌ಎ-1 (ಸಹಿಯ ಕೀಯನ್ನು ಗುರುತಿಸುವ ಬೆರಳಚ್ಚಿನಂಥ ಸಂಕೇತ) ಹಾಕಿದೆ.

ಜೊತೆಗೆ ಇನ್ನು ಕೆಲವು: ಅಪ್‌ಲೋಡ್ ಮಾಡುವಾಗ 16 ಕೆಬಿ ಪೇಜ್ ಸೈಜ್ ಬಗ್ಗೆ ತಕರಾರು ಬರುತ್ತಿದೆ. ಟೆಸ್ಟರ್‌ಗಳು ಸರಿಯಾಗಿ 12 ಜನ, ಒಂಬತ್ತನೇ ದಿನ ಒಬ್ಬರು ಹೊರಗೆ ಹೋದರು, ಪ್ಲೇ ಕೇಳುವ 14 ದಿನದ ಟೆಸ್ಟಿಂಗ್ ಲೆಕ್ಕ ಮೊದಲಿಂದ ಶುರುವಾ? ಇನ್ನು ಆ್ಯಪ್ ಹೆಸರು ಕನ್ನಡದಲ್ಲಿ ಹಾಕಿದರೆ ನೋಡಲು ಗಿಡ್ಡ ಇದ್ದರೂ 30ರ ಮಿತಿ ದಾಟಿದೆ ಅನ್ನುತ್ತೆ. ಆಮೇಲೆ ಐಫೋನ್‌ಗೂ ಹಾಕುವ ಯೋಚನೆ ಇದೆ.

---

ಹೊಸಬ_ಡಾರ್ಟ್:

ಮೇನ್ ಮ್ಯಾನಿಫೆಸ್ಟ್‌ನಲ್ಲಿ (ಆ್ಯಪ್‌ಗೆ ಬೇಕಾದ ಪರ್ಮಿಷನ್ ಬರೆಯುವ ಫೈಲ್) ಇಂಟರ್‌ನೆಟ್ ಪರ್ಮಿಷನ್ ಇದೆಯಾ ನೋಡಿ ಸರ್. ಫ್ಲಟರ್ ಅದನ್ನು ಡೀಬಗ್ ಮತ್ತು ಪ್ರೊಫೈಲ್ ಫೋಲ್ಡರಿನ ಮ್ಯಾನಿಫೆಸ್ಟ್‌ನಲ್ಲಿ ಮಾತ್ರ ಹಾಕಿಕೊಡುತ್ತೆ. ರಿಲೀಸ್‌ನಲ್ಲಿ ನೆಟ್ ಸಿಗದೇ ಇರೋಕೆ ಸಾಮಾನ್ಯವಾಗಿ ಅದೇ ಕಾರಣ.

---

ಕೀಸ್ಟೋರ್_ಕಿಟ್ಟಿ:

ಮೇಲಿನ ಮಾತು ಸರಿಯೇ, ಆದರೆ ಈ ಕಾಯಿಲೆಗೆ ಆ ಔಷಧಿ ಅಲ್ಲ. ಕೇಬಲ್‌ನಲ್ಲಿ ಹಾಕಿದ್ದೂ ರಿಲೀಸ್ ಬಿಲ್ಡೇ, ಅದು ಓಡುತ್ತಿದೆ ಅಂದಮೇಲೆ ಮ್ಯಾನಿಫೆಸ್ಟ್ ಸರಿ ಇದೆ. ಫೈರ್‌ಬೇಸ್ ಆಥ್ ಲೈಬ್ರರಿ ತನ್ನ ಮ್ಯಾನಿಫೆಸ್ಟ್‌ನಿಂದ ಆ ಪರ್ಮಿಷನ್ ತಾನೇ ತಂದು ಸೇರಿಸುತ್ತೆ ಕೂಡ.

ನೀವು ಏರಿಸಿದ ಫೈಲೂ ಟೆಸ್ಟರ್ ಫೋನಿಗೆ ಇಳಿಯುವ ಫೈಲೂ ಒಂದೇ ಅಲ್ಲ, ಎಡವಟ್ಟು ಇರೋದು ಅಲ್ಲಿ. ಬಂಡಲ್‌ಗೆ ನೀವು ಅಪ್‌ಲೋಡ್ ಕೀಯಿಂದ ಸಹಿ ಹಾಕುತ್ತೀರಿ. ಆ ಸಹಿಯ ಕೆಲಸ 'ಕಳಿಸಿದ್ದು ಇವರೇ' ಅಂತ ಪ್ಲೇಗೆ ತೋರಿಸೋದು, ಅಷ್ಟೆ. ಪ್ಲೇ ಆ ಬಂಡಲ್‌ನಿಂದ ಒಂದೊಂದು ಫೋನಿಗೆ ತಕ್ಕ ಎಪಿಕೆಗಳನ್ನು (ಫೋನಿಗೆ ಇಳಿಯುವ ಆ್ಯಪ್ ಫೈಲ್) ತಯಾರಿಸಿ, ತನ್ನ ಹತ್ತಿರ ಇರುವ ಆ್ಯಪ್ ಸೈನಿಂಗ್ ಕೀಯಿಂದ ಬೇರೆ ಸಹಿ ಹಾಕಿ ಕಳಿಸುತ್ತೆ. ಗೂಗಲ್ ಲಾಗಿನ್ ನೋಡೋದು ಎರಡನ್ನೇ, ಪ್ಯಾಕೇಜ್ ಹೆಸರು ಮತ್ತು ಫೋನಿನಲ್ಲಿರುವ ಆ್ಯಪ್‌ನ ಸಹಿಯ ಎಸ್‌ಎಚ್‌ಎ-1. ನಿಮ್ಮ ಫೈರ್‌ಬೇಸ್‌ಗೆ ಈ ಮೂರನೇ ಸಹಿಯ ಪರಿಚಯವೇ ಇಲ್ಲ.

ಪ್ಲೇ ಕನ್ಸೋಲ್‌ನಲ್ಲಿ ಆ್ಯಪ್ ಸೈನಿಂಗ್ ಪುಟ ತೆಗೆಯಿರಿ (ಮೆನು ಆಗಾಗ ಜಾಗ ಬದಲಾಯಿಸುತ್ತಿರುತ್ತೆ, ಮೇಲಿನ ಹುಡುಕು ಪೆಟ್ಟಿಗೆಯಲ್ಲಿ ಹೆಸರು ಹಾಕೋದೇ ಸುಲಭ). ಅಲ್ಲಿ ಎರಡು ಸರ್ಟಿಫಿಕೇಟ್ ಕಾಣುತ್ತವೆ, ಆ್ಯಪ್ ಸೈನಿಂಗ್ ಕೀಯದು ಮತ್ತು ಅಪ್‌ಲೋಡ್ ಕೀಯದು. ಆ್ಯಪ್ ಸೈನಿಂಗ್ ಕೀಯ ಎಸ್‌ಎಚ್‌ಎ-1, ಎಸ್‌ಎಚ್‌ಎ-256 ಎರಡನ್ನೂ ಕಾಪಿ ಮಾಡಿ ಫೈರ್‌ಬೇಸ್ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಆಂಡ್ರಾಯ್ಡ್ ಆ್ಯಪ್‌ನ ಕೆಳಗೆ ಫಿಂಗರ್‌ಪ್ರಿಂಟ್ ಆಗಿ ಸೇರಿಸಿ. ಹಳೆಯ ಎರಡನ್ನು ಅಳಿಸಬೇಡಿ, ಅಳಿಸಿದರೆ ನಿಮ್ಮ ಡೀಬಗ್ ಬಿಲ್ಡ್ ಮಲಗುತ್ತೆ. ಆಮೇಲೆ ಹೊಸ ಗೂಗಲ್-ಸರ್ವಿಸಸ್ ಜೇಸನ್ ಫೈಲ್ (ಫೈರ್‌ಬೇಸ್ ಸೆಟ್ಟಿಂಗ್ ಇರುವ ಫೈಲ್) ಇಳಿಸಿ, ಆವೃತ್ತಿ ಸಂಖ್ಯೆ ಒಂದು ಏರಿಸಿ, ಹೊಸ ಬಂಡಲ್ ಕಳಿಸಿ.

'ಕ್ಯಾನ್ಸಲ್ಡ್' ಅನ್ನೋ ಮಾತು ನಂಬಬೇಡಿ. ಪ್ಲಗಿನ್‌ನ 6ನೇ ಆವೃತ್ತಿಯವರೆಗೆ ಇದೇ ತಪ್ಪು 'ಎಪಿಐ ಎಕ್ಸೆಪ್ಷನ್ 10' ಅಂತ ಬರುತ್ತಿತ್ತು, ಹುಡುಕಿದರೆ ಉತ್ತರ ಸಿಗುತ್ತಿತ್ತು. 7ರಿಂದ ಒಳಗೆ ಕ್ರೆಡೆನ್ಷಿಯಲ್ ಮ್ಯಾನೇಜರ್ (ಆಂಡ್ರಾಯ್ಡ್‌ನ ಹೊಸ ಲಾಗಿನ್ ವ್ಯವಸ್ಥೆ) ಬಂದಿದೆ. ಕಾನ್ಫಿಗರೇಶನ್ ತಪ್ಪಿದ್ದರೂ ಅದು ಕೆಲವು ಸಲ ಬಳಕೆದಾರರೇ ರದ್ದು ಮಾಡಿದ್ದು ಅಂತ ಹೇಳಿಬಿಡುತ್ತೆ.

ಇದೇ ಸಹಿ ಬದಲಾವಣೆ ಇನ್ನೆರಡು ಕಡೆ ಕಾಲು ಎಳೆಯುತ್ತೆ. ಗೂಗಲ್ ಮ್ಯಾಪ್ಸ್ ಕೀಗೆ ಎಸ್‌ಎಚ್‌ಎ-1 ನಿರ್ಬಂಧ ಹಾಕಿದ್ದರೆ ಪ್ಲೇಯಿಂದ ಬಂದ ಆ್ಯಪ್‌ನಲ್ಲಿ ಮ್ಯಾಪ್ ಜಾಗ ಖಾಲಿ. ಆ್ಯಪ್ ಲಿಂಕ್ಸ್ (ವೆಬ್ ಲಿಂಕ್ ಒತ್ತಿದರೆ ಆ್ಯಪ್ ತೆರೆಯೋದು) ಬಳಸುತ್ತಿದ್ದರೆ ನಿಮ್ಮ ವೆಬ್‌ಸೈಟಿನ ಅಸೆಟ್‌ಲಿಂಕ್ಸ್ ಫೈಲಿನಲ್ಲಿ ಆ್ಯಪ್ ಸೈನಿಂಗ್ ಕೀಯ ಎಸ್‌ಎಚ್‌ಎ-256 ಇರಬೇಕು, ಇಲ್ಲದಿದ್ದರೆ ಲಿಂಕ್ ಬ್ರೌಸರ್‌ನಲ್ಲೇ ತೆರೆಯುತ್ತೆ.

---

ರೀಲೀಸ್_ರಾಯ್ರು:

ಕಿಟ್ಟಿಯವರು ಹೇಳಿದ್ದಕ್ಕೆ ಒಂದು ತಿದ್ದುಪಡಿ. ಹೊಸ ಬಂಡಲ್ ಬೇಕಾಗಿಲ್ರೀ. ಪ್ಯಾಕೇಜ್ ಹೆಸರು, ಎಸ್‌ಎಚ್‌ಎ-1 ಹೊಂದುತ್ತವಾ ಅಂತ ನೋಡೋದು ಗೂಗಲ್ ಸರ್ವರ್ ಕಡೆ. ಆ್ಯಪ್ ಒಳಗೆ ಇರಬೇಕಾದ್ದು ವೆಬ್ ಕ್ಲೈಂಟ್ ಐಡಿ, ಅದು ಇವರ ಜೇಸನ್ ಫೈಲಿನಲ್ಲಿ ಆಗಲೇ ಇದೆ. ಇಲ್ಲದಿದ್ದರೆ ಡೀಬಗ್‌ನಲ್ಲೂ ಲಾಗಿನ್ ಆಗುತ್ತಿರಲಿಲ್ಲ. ಫಿಂಗರ್‌ಪ್ರಿಂಟ್ ಸೇರಿಸಿ, ಸ್ವಲ್ಪ ಹೊತ್ತು ಬಿಟ್ಟು, ಫೋನಿನಲ್ಲಿ ಇರುವ ಆ್ಯಪನ್ನೇ ಮತ್ತೆ ತೆರೆದು ನೋಡ್ರಿ. ಜೇಸನ್ ಫೈಲ್ ಮುಂದಿನ ಬಿಲ್ಡಿಗೆ ಬದಲಿಸಿಕೊಂಡರಾಯ್ತು.

ಫಿಂಗರ್‌ಪ್ರಿಂಟ್ ಸೇರಿಸುವಾಗ 'ಈ ಪ್ಯಾಕೇಜ್ ಹೆಸರು ಮತ್ತು ಎಸ್‌ಎಚ್‌ಎ-1 ಬೇರೆ ಪ್ರಾಜೆಕ್ಟ್‌ನಲ್ಲಿದೆ' ಅಂತ ಬಂದರೆ, ಯಾವಾಗಲೋ ಪ್ರಯೋಗಕ್ಕೆ ಮಾಡಿ ಬಿಟ್ಟ ಹಳೆಯ ಪ್ರಾಜೆಕ್ಟ್‌ನಲ್ಲಿ ಅದು ಕೂತಿದೆ ಅಂತ ಅರ್ಥ. ಅಲ್ಲಿಂದ ತೆಗೆದರೆ ಇಲ್ಲಿ ಕೂರುತ್ತೆ.

---

ಅಡಿಕೆ_ಕೋಡು:

ರಾಯರು ಹೇಳಿದಂತೆ ಫಿಂಗರ್‌ಪ್ರಿಂಟ್ ಮಾತ್ರ ಸೇರಿಸಿದೆ. ಕ್ಲೋಸ್ಡ್ ಟೆಸ್ಟಿಂಗ್‌ನಿಂದ ಇಳಿಸಿದ ಆ್ಯಪ್‌ನಲ್ಲಿ ಈಗ ಲಾಗಿನ್ ಆಗುತ್ತಿದೆ, ಹೊಸ ಬಂಡಲ್ ಇಲ್ಲದೆಯೇ. ಆದರೆ ಇಂಟರ್ನಲ್ ಆ್ಯಪ್ ಶೇರಿಂಗ್ ಲಿಂಕ್‌ನಿಂದ ಇಳಿಸಿದರೆ ಮತ್ತೆ ಅದೇ 'ಕ್ಯಾನ್ಸಲ್ಡ್'. ಎರಡೂ ಪ್ಲೇಯಿಂದಲೇ ಬರೋದಲ್ವಾ?

---

ಕೀಸ್ಟೋರ್_ಕಿಟ್ಟಿ:

ತಿದ್ದುಪಡಿ ಒಪ್ಪಿದೆ ರಾಯರೇ.

ಇಂಟರ್ನಲ್ ಆ್ಯಪ್ ಶೇರಿಂಗ್‌ಗೆ ನಾಲ್ಕನೆಯ ಕೀ ಇದೆ. ಆ ಲಿಂಕ್‌ನಿಂದ ಇಳಿಯುವ ಆ್ಯಪ್‌ಗೆ ಪ್ಲೇ ಆ್ಯಪ್ ಸೈನಿಂಗ್ ಕೀ ಬಳಸಲ್ಲ, ಅದಕ್ಕೆಂದೇ ತಾನಾಗಿ ಹುಟ್ಟಿಸಿದ ಬೇರೆ ಸರ್ಟಿಫಿಕೇಟ್ ಬಳಸುತ್ತೆ. ಅದರ ಎಸ್‌ಎಚ್‌ಎ-1 ಕೂಡ ಕನ್ಸೋಲ್‌ನಲ್ಲಿ ಸಿಗುತ್ತೆ, ಅದನ್ನೂ ಸೇರಿಸಿ. ಹೆಸರು ಹತ್ತಿರ ಹತ್ತಿರ ಇರೋದರಿಂದ ಗೊಂದಲ ಆಗುತ್ತೆ. 'ಇಂಟರ್ನಲ್ ಟೆಸ್ಟಿಂಗ್' ಟ್ರ್ಯಾಕ್ ಬೇರೆ, ಅದಕ್ಕೆ ಮಾಮೂಲಿ ಆ್ಯಪ್ ಸೈನಿಂಗ್ ಕೀಯೇ.

---

ಎನ್‌ಡಿಕೆ_ನಾಗ:

16 ಕೆಬಿ ವಿಷಯ. 2025ರ ನವೆಂಬರ್ 1ರಿಂದ, ಆಂಡ್ರಾಯ್ಡ್ 15 ಅಥವಾ ಅದಕ್ಕಿಂತ ಮೇಲಿನದನ್ನು ಟಾರ್ಗೆಟ್ ಮಾಡುವ ಹೊಸ ಆ್ಯಪ್ ಮತ್ತು ಅಪ್‌ಡೇಟ್‌ಗಳು 64 ಬಿಟ್ ಫೋನುಗಳಲ್ಲಿ 16 ಕೆಬಿ ಪೇಜ್‌ಗೆ ಒಗ್ಗಬೇಕು. ಟಾರ್ಗೆಟ್ ಇಳಿಸಿ ತಪ್ಪಿಸಿಕೊಳ್ಳೋಣ ಅಂದರೂ ಆಗಲ್ಲ, 2025ರ ಆಗಸ್ಟ್ 31ರಿಂದ ಟಾರ್ಗೆಟ್ ಎಪಿಐ ಕನಿಷ್ಠ 35 ಕಡ್ಡಾಯ, ಅದೇ ಆಂಡ್ರಾಯ್ಡ್ 15.

ಡಾರ್ಟ್ (ಫ್ಲಟರ್‌ನ ಭಾಷೆ) ಕೋಡಿಗೂ ಇದಕ್ಕೂ ಸಂಬಂಧ ಇಲ್ಲ. ಸಮಸ್ಯೆ ಇರೋದು ಆ್ಯಪ್ ಜೊತೆ ಹೋಗುವ ಎಸ್‌ಓ ಫೈಲುಗಳಲ್ಲಿ (ಯಂತ್ರಭಾಷೆಗೆ ಕಂಪೈಲ್ ಮಾಡಿದ ಲೈಬ್ರರಿ). ಹಳೆಯ ಫೋನುಗಳು ಮೆಮೊರಿಯನ್ನು 4 ಕೆಬಿ ತುಂಡುಗಳಲ್ಲಿ ನೋಡುತ್ತವೆ, ಆ ಅಳತೆಗೇ ಕಟ್ಟಿದ ಲೈಬ್ರರಿಯನ್ನು 16 ಕೆಬಿ ಸಿಸ್ಟಂ ಲೋಡ್ ಮಾಡಲು ಒಪ್ಪದಿದ್ದರೆ ಆ್ಯಪ್ ತೆರೆದ ಕೂಡಲೇ ಬಿದ್ದುಹೋಗುತ್ತೆ.

ಮೊದಲು ಯಾವ ಫೈಲ್ ತಪ್ಪಿದೆ ಅಂತ ಪತ್ತೆ ಮಾಡಿ, ಆಮೇಲೆ ಅಪ್‌ಗ್ರೇಡ್. ಆಂಡ್ರಾಯ್ಡ್ ಸ್ಟುಡಿಯೋದ ಎಪಿಕೆ ಅನಲೈಸರ್‌ನಲ್ಲಿ ರಿಲೀಸ್ ಎಪಿಕೆ ತೆರೆದು ಲಿಬ್ ಫೋಲ್ಡರ್ ನೋಡಿ, ಅಲೈನ್‌ಮೆಂಟ್ ಕಾಲಂನಲ್ಲಿ 4 ಕೆಬಿ ಅಂತ ಇರುವ ಲೈಬ್ರರಿಗಳೇ ಅಪರಾಧಿಗಳು. ಕನ್ಸೋಲ್‌ನ ಆ್ಯಪ್ ಬಂಡಲ್ ಎಕ್ಸ್‌ಪ್ಲೋರರ್ ಕೂಡ ತೋರಿಸುತ್ತೆ. ಟರ್ಮಿನಲ್ ಇಷ್ಟಪಡುವವರಿಗೆ ಆಬ್ಜ್‌ಡಂಪ್ ಸಾಕು: 'ಲೋಡ್' ಸಾಲುಗಳ ಕೊನೆಯಲ್ಲಿ 2ರ ಘಾತ 14 ಇದ್ದರೆ ಸರಿ, 12 ಇದ್ದರೆ 4 ಕೆಬಿ. 32 ಬಿಟ್ ಎಆರ್‌ಎಂ ಫೋಲ್ಡರಿನಲ್ಲಿ 12 ಕಂಡರೆ ತಲೆ ಕೆಡಿಸಿಕೊಳ್ಳಬೇಡಿ, ನಿಯಮ ಅದಕ್ಕೆ ಅನ್ವಯಿಸಲ್ಲ.

ಫ್ಲಟರ್ ಅನ್ನು ಇತ್ತೀಚಿನ ಸ್ಟೇಬಲ್‌ಗೆ ತನ್ನಿ. ಆಂಡ್ರಾಯ್ಡ್ ಗ್ರೇಡಲ್ ಪ್ಲಗಿನ್ 8.5.1 ಅಥವಾ ಮೇಲೆ ಇರಲಿ, ಎಪಿಕೆ ಒಳಗೆ ಲೈಬ್ರರಿಗಳನ್ನು ಸರಿಯಾದ ಅಂತರದಲ್ಲಿ ಕೂರಿಸೋದು ಅದರ ಕೆಲಸ. ಎನ್‌ಡಿಕೆ (ಆಂಡ್ರಾಯ್ಡ್‌ಗೆ ಸಿ++ ಕಂಪೈಲ್ ಮಾಡುವ ಸಾಧನ) ಆರ್28 ಆದರೆ ನೀವು ಕಂಪೈಲ್ ಮಾಡುವ ಸಿ++ ಕೋಡ್ ತಾನಾಗೇ 16 ಕೆಬಿಗೆ ಬರುತ್ತೆ, ಆರ್27ರಲ್ಲಿ ಅದಕ್ಕೆ ಫ್ಲ್ಯಾಗ್ ಹಾಕಬೇಕು.

ಇಷ್ಟು ಮಾಡಿಯೂ ತಕರಾರು ಹೋಗದಿದ್ದರೆ ಕಾರಣ ಒಂದೇ: ಯಾವುದೋ ಪ್ಲಗಿನ್ ಮೊದಲೇ ಕಂಪೈಲ್ ಮಾಡಿದ ಎಸ್‌ಓ ಫೈಲನ್ನು ಹೊತ್ತು ತರುತ್ತಿದೆ. ಅದರ ಮೇಲೆ ನಿಮ್ಮ ಎನ್‌ಡಿಕೆಯ ಮಾತು ನಡೆಯಲ್ಲ. ಎನ್‌ಕ್ರಿಪ್ಟೆಡ್ ಡೇಟಾಬೇಸ್, ಪಿಡಿಎಫ್, ಸ್ಕ್ಯಾನರ್, ವಿಡಿಯೋ ಪ್ಲಗಿನ್‌ಗಳನ್ನು ಮೊದಲು ಅನುಮಾನಿಸಿ. ಆ ಪ್ಲಗಿನ್‌ನ ಹೊಸ ಆವೃತ್ತಿ ಹಾಕಿ. ಎರಡು ವರ್ಷದಿಂದ ಯಾರೂ ಮುಟ್ಟದ ಪ್ಲಗಿನ್ ಆಗಿದ್ದರೆ ಕಿತ್ತು ಬೇರೆಯದು ಹಾಕೋದೇ ಮೇಲು. ಆಮೇಲೆ 16 ಕೆಬಿ ಎಮ್ಯುಲೇಟರ್ ಇಮೇಜ್‌ನಲ್ಲಿ ಒಮ್ಮೆ ಓಡಿಸಿ ನೋಡಿ.

---

ರೀಲೀಸ್_ರಾಯ್ರು:

ಟೆಸ್ಟರ್ ಪ್ರಶ್ನೆ ಯಾರೂ ಮುಟ್ಟಿಲ್ಲ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಗಳಿಗೆ ಮಾತ್ರ ಈ 14 ದಿನದ ಟೆಸ್ಟರ್ ನಿಯಮ. ಮೊದಲು 20 ಜನ ಬೇಕಿತ್ತು, 2024ರ ಡಿಸೆಂಬರ್‌ನಲ್ಲಿ 12ಕ್ಕೆ ಇಳಿಸಿದರು. ಸಂಸ್ಥೆ ಖಾತೆಗೆ ಇದು ಇಲ್ಲ, ಆದರೆ ಅದಕ್ಕೆ ಡಿ-ಯು-ಎನ್-ಎಸ್ ಸಂಖ್ಯೆ (ಸಂಸ್ಥೆಗಳಿಗೆ ಕೊಡುವ ಗುರುತಿನ ಸಂಖ್ಯೆ) ಬೇಕು.

ಪ್ರೊಡಕ್ಷನ್‌ಗೆ (ಎಲ್ಲರಿಗೂ ಬಿಡುಗಡೆ) ಅರ್ಜಿ ಹಾಕುವ ಹೊತ್ತಿಗೆ ಕನಿಷ್ಠ 12 ಜನ ಕಳೆದ 14 ದಿನ ಎಡೆಬಿಡದೆ ಒಳಗಿರಬೇಕು. ನಿಮ್ಮಲ್ಲಿ ಒಳಗಿದ್ದವರೇ ಸರಿಯಾಗಿ 12, ಒಬ್ಬರು ಹೋದಮೇಲೆ 11. ಉಳಿದ 11 ಜನರ ದಿನಗಳು ಹಾಳಾಗಲ್ಲ, ಆದರೆ ಹೊಸದಾಗಿ ಬಂದ ಹನ್ನೆರಡನೆಯವರಿಗೆ 14 ದಿನ ತುಂಬುವವರೆಗೆ ಎಲ್ಲರೂ ಕಾಯಬೇಕು. ಅದಕ್ಕೇ 16–18 ಜನ ಇಟ್ಟುಕೊಳ್ಳೋದು. ಪಟ್ಟಿಯಲ್ಲಿ ಇಮೇಲ್ ಇದ್ದರೆ ಸಾಲದು, ಅವರು ಲಿಂಕ್ ಒತ್ತಿ ಟೆಸ್ಟರ್ ಆಗಲು ಒಪ್ಪಬೇಕು, ಅದೂ ಪ್ಲೇ ಸ್ಟೋರ್‌ನಲ್ಲಿರುವ ಅದೇ ಜಿಮೇಲ್‌ನಿಂದ. ಫೋನಿನಲ್ಲಿ ಎರಡು ಖಾತೆ ಇರುವವರು ಇಲ್ಲೇ ತಪ್ಪೋದು, 'ಐಟಂ ಸಿಗಲಿಲ್ಲ' ಅಂತ ಬಂದು ಕೈಬಿಡುತ್ತಾರೆ. ನಡುವೆ ಹೊಸ ಬಿಲ್ಡ್ ಹಾಕಬಹುದು, ಹಾಕಿ ಕೂಡ. ಅರ್ಜಿಯಲ್ಲಿ ಟೆಸ್ಟರ್‌ಗಳು ಏನು ಹೇಳಿದರು, ಅದರಿಂದ ಏನು ಬದಲಿಸಿದಿರಿ ಅಂತ ಕೇಳುತ್ತಾರೆ. 'ಎಲ್ಲಾ ಚೆನ್ನಾಗಿದೆ' ಅಂತ ಬರೆಯಬೇಡಿ. 'ತೂಕದ ಬಾಕ್ಸ್ ದಶಮಾಂಶ ತೆಗೆದುಕೊಳ್ಳುತ್ತಿರಲಿಲ್ಲ, ಇಂಥ ಬಿಲ್ಡ್‌ನಲ್ಲಿ ಸರಿ ಮಾಡಿದೆವು' ಅನ್ನೋ ತರ ಬರೀರಿ.

ನಿಮ್ಮ ಆ್ಯಪ್‌ಗೆ ಇನ್ನೆರಡು ಕಂಟಕ ಕಾಣುತ್ತಿವೆ. ಬಿಲ್ಲಿನ ಫೋಟೋ ಅಂದಿರಿ. ಯಾವಾಗಲೋ ಒಮ್ಮೆ ಫೋಟೋ ಆರಿಸುವ ಆ್ಯಪ್ ಇಡೀ ಗ್ಯಾಲರಿ ಓದುವ ಪರ್ಮಿಷನ್ ಕೇಳಬಾರದು, ಸಿಸ್ಟಂ ಫೋಟೋ ಪಿಕರ್ ಬಳಸಬೇಕು. ನೀವು ಬರೆಯದಿದ್ದರೂ ಯಾವುದೋ ಪ್ಲಗಿನ್ ಆ ಪರ್ಮಿಷನ್ ನುಸುಳಿಸಿರಬಹುದು. ಆಂಡ್ರಾಯ್ಡ್ ಸ್ಟುಡಿಯೋದಲ್ಲಿ 'ಮರ್ಜ್ಡ್ ಮ್ಯಾನಿಫೆಸ್ಟ್' ಟ್ಯಾಬ್ ತೆರೆದು ನೋಡಿ, ಇದ್ದರೆ ಮೇನ್ ಮ್ಯಾನಿಫೆಸ್ಟ್‌ನಲ್ಲಿ 'ರಿಮೂವ್' ಗುರುತು ಹಾಕಿ ತೆಗೆಯಿರಿ. ಎರಡನೆಯದು, ಲಾಗಿನ್ ಇರುವ ಆ್ಯಪ್‌ಗೆ ಖಾತೆ ಅಳಿಸುವ ದಾರಿ ಆ್ಯಪ್ ಒಳಗೂ ಬೇಕು, ವೆಬ್ ಲಿಂಕ್ ರೂಪದಲ್ಲೂ ಬೇಕು.

ಕನ್ನಡ ಹೆಸರಿನ ಲೆಕ್ಕ: ಅಲ್ಲಿ ಎಣಿಸೋದು ನಮ್ಮ ಅಕ್ಷರ ಅಲ್ಲ, ಯೂನಿಕೋಡ್ ಸಂಕೇತ. 'ಮಾರುಕಟ್ಟೆ' ನಮಗೆ ನಾಲ್ಕು ಅಕ್ಷರ, ಅಲ್ಲಿ 9: ಮ, ದೀರ್ಘ, ರ, ಕೊಂಬು, ಕ, ಟ, ಹಲಂತ, ಟ, ಎತ್ವ. 'ಅಡಿಕೆ ಮಾರುಕಟ್ಟೆ ದರ' ಅಂದರೆ ಆಗಲೇ 18. ಒತ್ತಕ್ಷರ ಕಡಿಮೆ ಇರುವ ಪದ ಹುಡುಕಿ, 'ಮಂಡಿ' ಅಂದರೆ 4ರಲ್ಲೇ ಮುಗಿಯುತ್ತೆ. ಕಿರು ವಿವರಣೆಯ 80ಕ್ಕೂ ಇದೇ ಲೆಕ್ಕ.

---

ಎನ್‌ಡಿಕೆ_ನಾಗ:

ಒತ್ತಕ್ಷರ ಅಂದಾಗ ನೆನಪಾಯ್ತು. ಬಟನ್ ಮೇಲಿನ ಕನ್ನಡ ಪಠ್ಯಕ್ಕೆ ಸಾಲಿನ ಎತ್ತರ 1.0 ಕೊಟ್ಟು, ಡಬ್ಬಕ್ಕೆ ಸ್ಥಿರ ಎತ್ತರ ಇಟ್ಟಿದ್ದರೆ 'ಒಟ್ಟು', 'ರಾಷ್ಟ್ರ' ಇಂಥವುಗಳ ಕೆಳಗಿನ ಒತ್ತು ಕತ್ತರಿಸಿಹೋಗುತ್ತೆ. 1.4ರ ಸುತ್ತ ಇಟ್ಟು, ಸ್ಥಿರ ಎತ್ತರದ ಬದಲು ಪ್ಯಾಡಿಂಗ್ ಕೊಡಿ. ಸ್ಟೋರ್‌ಗೆ ಸ್ಕ್ರೀನ್‌ಶಾಟ್ ತೆಗೆಯುವ ಮುಂಚೆಯೇ.

---

ಅಡಿಕೆ_ಕೋಡು:

ತಪ್ಪಿದ್ದ ಲೈಬ್ರರಿ ಪಿಡಿಎಫ್ ಪ್ಲಗಿನ್‌ನದೇ, ಹೊಸ ಆವೃತ್ತಿ ಹಾಕಿದ ಮೇಲೆ ಅನಲೈಸರ್‌ನಲ್ಲಿ ಎಲ್ಲಾ 16 ಕೆಬಿ. ಮರ್ಜ್ಡ್ ಮ್ಯಾನಿಫೆಸ್ಟ್‌ನಲ್ಲಿ ಗ್ಯಾಲರಿ ಪರ್ಮಿಷನ್ ಇತ್ತು, ತೆಗೆದೆ. ಐಫೋನ್ ಬಗ್ಗೆ ಯಾರಾದರೂ?

---

ಕೀಸ್ಟೋರ್_ಕಿಟ್ಟಿ:

ಆಪಲ್ ಖಾತೆಗೆ ವರ್ಷಕ್ಕೆ 99 ಡಾಲರ್, ಪ್ಲೇಗೆ ಒಂದೇ ಸಲ ಕಟ್ಟಿದ 25ರ ಹಾಗಲ್ಲ. ಎಕ್ಸ್‌ಕೋಡ್ (ಐಫೋನ್ ಆ್ಯಪ್ ಕಟ್ಟುವ ಸಾಧನ) ಮ್ಯಾಕ್‌ನಲ್ಲಿ ಮಾತ್ರ ಓಡೋದು, ಮ್ಯಾಕ್ ಇಲ್ಲದವರು ಕ್ಲೌಡ್ ಬಿಲ್ಡ್ ಸೇವೆ ಹಿಡಿಯುತ್ತಾರೆ. ನಿಮ್ಮಲ್ಲಿ ಗೂಗಲ್ ಲಾಗಿನ್ ಒಂದೇ ಇದೆ, ಅದು ರಿವ್ಯೂ ನಿಯಮ 4.8ಕ್ಕೆ ಸಿಕ್ಕಿಹಾಕಿಕೊಳ್ಳುತ್ತೆ. ಇಮೇಲ್ ಮರೆಮಾಡಲು ಬಿಡುವ ಇನ್ನೊಂದು ಲಾಗಿನ್ ಬೇಕು, 'ಸೈನ್ ಇನ್ ವಿತ್ ಆಪಲ್' ಸೇರಿಸಿದರೆ ಮುಗೀತು. ಐಒಎಸ್‌ನಲ್ಲಿ ಎಸ್‌ಎಚ್‌ಎ ಗೋಳಿಲ್ಲ. ಬದಲಿಗೆ ಇನ್ಫೋ ಪಿಲಿಸ್ಟ್‌ನಲ್ಲಿ ಗೂಗಲ್‌ನ ತಿರುಗಿಸಿದ ಕ್ಲೈಂಟ್ ಐಡಿಯನ್ನು ಯುಆರ್‌ಎಲ್ ಸ್ಕೀಮ್ ಆಗಿ ಹಾಕಬೇಕು, ಮರೆತರೆ ಲಾಗಿನ್ ಬಟನ್ ಒತ್ತಿದ ತಕ್ಷಣ ಆ್ಯಪ್ ಕ್ರ್ಯಾಶ್. ಟೆಸ್ಟ್‌ಫ್ಲೈಟ್ (ಆಪಲ್‌ನ ಟೆಸ್ಟಿಂಗ್ ಸೌಲಭ್ಯ) ಬಿಲ್ಡ್ 90 ದಿನಕ್ಕೆ ಅವಧಿ ಮುಗಿಯುತ್ತೆ, ಬೆಳೆಗಾರರಿಗೆ ಅದನ್ನೇ ಕೊಟ್ಟು ಕೂರಬೇಡಿ.