ಮಳೆಗಾಲದ ಸಾಮಾನನ್ನು ಪಾರ್ಸೆಲ್ ನಂಬಿ ಬಿಡಬೇಡಿ

ತಂಗೀ, ನಿನ್ನೆ ರಾತ್ರಿ ನೀನು ಗ್ರೂಪಿಗೆ ಹಾಕಿದ್ದನ್ನು ಈಗ ಕೊಟ್ಟಿಗೆ ಕೆಲಸ ಮುಗಿಸಿ ಬಂದು ನೋಡಿದೆ. ದಿನಾ ಅಮೆಜಾನಿನಲ್ಲಿ ಏನಾದರೊಂದು ತರಿಸುತ್ತಲೇ ಇದ್ದೇನೆ, ಆ್ಯಪ್ ತೆಗೆದರೂ ಎರಡು ದಿನಕ್ಕೆ ಮತ್ತೆ ಹಾಕಿಕೊಳ್ಳುತ್ತೇನೆ, ಕಾರ್ಡಿನ ಬಿಲ್ ನೋಡಿದರೆ ಹೆದರಿಕೆ ಆಗುತ್ತದೆ, ಇದನ್ನು ಬಿಡೋದು ಹೇಗೆ ದೊಡ್ಡಾಯಿ ಅಂತ ಕೇಳಿದ್ದೀಯ. ಅದರ ಕೆಳಗೆ ನಾಲ್ಕು ಜನ ನಗುವ ಮುಖ ಹಾಕಿದ್ದಾರೆ. ನಗುವ ವಿಷಯ ಅಲ್ಲ ಇದು. ನೀನು ಕೇಳಿದ್ದು ಒಳ್ಳೆಯದೇ ಆಯಿತು. ನನಗೆ ಟೈಪ್ ಮಾಡಿ ಪೂರೈಸುವುದಿಲ್ಲ, ಮೈಕ್ ಒತ್ತಿಕೊಂಡು ಮಾತಾಡುತ್ತೇನೆ, ಫೋನೇ ಬರೆದುಕೊಳ್ಳಲಿ. ಉದ್ದ ಆದರೂ ಪೂರ್ತಿ ಓದಿ. ನಕ್ಕವರೂ ಓದಿ.

ನಮ್ಮ ಮನೆ ವಿಷಯ ನಿಮಗೆಲ್ಲ ಗೊತ್ತೇ ಇದೆ. ಮೇಲಿನ ತೋಟ, ಕೆಳಗಿನ ತೋಟ, ದೊಡ್ಡಪ್ಪನ ಮಂಡಿ ನೋವು, ಅದನ್ನೆಲ್ಲ ಹೇಳುತ್ತಾ ಕೂರುವುದಿಲ್ಲ. ಆದರೆ ಆ ವರ್ಷ ಕೆಳಗಿನ ಅಡಿಕೆ ತೋಟಕ್ಕೆ ಕೊಳೆ, ಅಂದರೆ ಕಾಯಿ ಕೊಳೆತು ಉದುರುವ ರೋಗ, ಬಂದ ಕಥೆ ನಿಮಗೆ ಅರ್ಧ ಮಾತ್ರ ಗೊತ್ತು. ಚೌತಿಗೆ ಬಂದವರೆಲ್ಲ "ಅಯ್ಯೋ, ಈ ಸಲ ಕೊಳೆ ಜಾಸ್ತಿ ಅಂತೆ" ಅಂದಿರಿ, ಊಟ ಮಾಡಿದಿರಿ, ಹೋದಿರಿ. ಯಾಕೆ ಬಂತು ಅಂತ ಒಬ್ಬರೂ ಕೇಳಲಿಲ್ಲ. ಇವತ್ತು ಹೇಳುತ್ತೇನೆ.

ಔಷಧಿ ಹೊಡೆಯುವ ಪಂಪಿನ ಪೈಪು ಹಿಂದಿನ ವರ್ಷವೇ ಎರಡು ಕಡೆ ಒಡೆದಿತ್ತು. ಹೊಸದು ಬೇಕಿತ್ತು. ಶಿರಸಿ ಪೇಟೆಯಲ್ಲಿ ಕೇಳಿದ ರೇಟಿಗಿಂತ ಆನ್‌ಲೈನಿನಲ್ಲಿ ಏಳೆಂಟು ನೂರು ರೂಪಾಯಿ ಕಡಿಮೆ ಕಂಡಿತು. ನಮ್ಮನೆ ಮಾಣಿ, ನಮ್ಮ ಹುಡುಗ, ಅಲ್ಲೇ ತರಿಸಿದ. ಯಾವ ಕಂಪನಿ ಅಂತ ಇಲ್ಲಿ ಹೇಳುವುದು ಬೇಡ. ಮೇ ತಿಂಗಳ ಕೊನೆಗೆ ಬರಬೇಕಿತ್ತು. ಫೋನ್ ನೋಡಿದರೆ ಇವತ್ತು ಬರುತ್ತದೆ ಅಂತ ತೋರಿಸುತ್ತದೆ, ಸಂಜೆ ನೋಡಿದರೆ ನಾಳೆ ಅಂತ ಆಗಿರುತ್ತದೆ. ಮೃಗಶಿರ ಮಳೆ ಹಿಡಿಯಿತು. ಆಮೇಲೆ ಒಂದು ದಿನ ಕೊರಿಯರ್ ಹುಡುಗ ಪೇಟೆಯಿಂದ ಫೋನ್ ಮಾಡಿದ. "ಅಮ್ಮಾ, ನಿಮ್ಮ ಊರಿನ ಕಡೆ ಗಾಡಿ ಬರೋದಿಲ್ಲ, ನೀವೇ ಬಂದು ತಗೊಂಡು ಹೋಗಿ" ಅಂದ. ಅವನದ್ದೂ ತಪ್ಪಲ್ಲ ಬಿಡಿ, ನಮ್ಮ ಊರಿನ ರಸ್ತೆ ಮಳೆಗಾಲದಲ್ಲಿ ಹೇಗಿರುತ್ತದೆ ಅಂತ ನಿಮಗೆ ಗೊತ್ತಲ್ಲ. ಮಾಣಿ ನೆನೆದುಕೊಂಡು ಹೋಗಿ ತಂದ.

ಕೊಳೆ ಔಷಧಿ ಅಂದರೆ ಮನಸ್ಸು ಬಂದಾಗ ಹೊಡೆಯುವ ಕೆಲಸ ಅಲ್ಲ. ಮಳೆ ಜೋರು ಹಿಡಿಯುವ ಮೊದಲು ಒಂದು ಸಲ ಆಗಲೇಬೇಕು, ಅದಾಗಿ 40-45 ದಿನಕ್ಕೆ ಇನ್ನೊಂದು ಸಲ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರಿಗೆ ನಮ್ಮ ತೋಟ ಒಂದೇ ಅಲ್ಲ, ಊರೆಲ್ಲ ಅವರನ್ನೇ ಕಾಯುತ್ತಿರುತ್ತದೆ. ಆರಿದ್ರೆ ಮಳೆಯಲ್ಲಿ ಎರಡು ದಿನ ಮಳೆ ಬಿಟ್ಟು ಹೊಳವಾಯಿತು. ಕೊನೆಗೌಡರು ಬೆಳಿಗ್ಗೆ ಎದ್ದವರೇ ನಮ್ಮಲ್ಲಿಗೆ ಬಂದರು. ಹಿಂದಿನ ರಾತ್ರಿಯೇ ಮೈಲುತುತ್ತವನ್ನು, ಅಂದರೆ ತಾಮ್ರದ ಸಲ್ಫೇಟನ್ನು, ಅರಿವೆಯಲ್ಲಿ ಕಟ್ಟಿ ನೀರಲ್ಲಿ ಇಳಿಬಿಟ್ಟಿದ್ದೆ. 100 ಲೀಟರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ನಮ್ಮದು 200 ಲೀಟರಿನ ಡ್ರಮ್ಮು. ಸುಣ್ಣ ಬೇರೆ, ತುತ್ತ ಬೇರೆ ಕರಗಿಸಿ, ಎರಡನ್ನೂ ಕೂಡಿಸಿ, ಕತ್ತಿ ಅದ್ದಿ ನೋಡಿದೆವು. ಕತ್ತಿಗೆ ಕೆಂಪು ಹಿಡಿಯಲಿಲ್ಲ, ಸುಣ್ಣ ಸರಿಯಾಗಿದೆ ಅಂತ ಆಯಿತು. ಡ್ರಮ್ಮಿನ ತುಂಬ ಒಳ್ಳೆ ನೀಲಿ ಔಷಧಿ. ಅದನ್ನು ನಾಳೆಗೆ ಇಡಲಿಕ್ಕೆ ಬರುವುದಿಲ್ಲ, ಅವತ್ತೇ ಮುಗಿಸಬೇಕು.

ಹೊಸ ಪೈಪು ಜೋಡಿಸಿದರೆ ತಿರುಪು ಕೂರಲಿಲ್ಲ. ಕೂತ ಹಾಗೆ ಕಂಡಿತು, ಪಂಪು ಚಾಲೂ ಮಾಡಿ ಒತ್ತಡ ಏರಿದ ಕೂಡಲೇ ಪೈಪಿನ ತುದಿ ಕಿತ್ತುಕೊಂಡು ಹಾರಿತು. ಔಷಧಿ ಎಲ್ಲ ಅಂಗಳಕ್ಕೆ. ಅರಿವೆ ಸುತ್ತಿದರು, ತಂತಿ ಕಟ್ಟಿದರು, ಮತ್ತೆ ಹಾರಿತು. ಮರದ ಮೇಲೆ ಕೊನೆಗೌಡರು ಕೊಳವೆ ಹಿಡಿದುಕೊಂಡು ಕಾಯುತ್ತಿದ್ದಾರೆ, ಕೆಳಗೆ ಇವರು ಸ್ಪ್ಯಾನರ್ ಹಿಡಿದುಕೊಂಡು ಕೂತಿದ್ದಾರೆ. ನಾನು ಶಿರಸಿಯ ಅಂಗಡಿಗೆ ಫೋನ್ ಮಾಡಿದೆ, ನಾವು ಪಂಪು ತಂದ ಅಂಗಡಿಗೇ. ಅವರು ಏನಂದರು ಗೊತ್ತಾ? "ಅಮ್ಮಾ, ಹೋದ ವರ್ಷ ತರಿಸಿದ್ದೇ ಹಾಗೇ ಉಳೀತು. ಜನ ಬರ್ತಾರೆ, ಕೈಯಲ್ಲಿ ಹಿಡಿದು ನೋಡ್ತಾರೆ, ಫೋಟೋ ತೆಗೀತಾರೆ, ಮನೆಗೆ ಹೋಗಿ ಮೊಬೈಲಿನಲ್ಲಿ ತರಿಸ್ತಾರೆ. ಈ ವರ್ಷ ಆ ಪೈಪು ಹಾಕಿಸಲೇ ಇಲ್ಲ."

ನಾನು ಫೋನ್ ಇಟ್ಟೆ. ಏನು ಉತ್ತರ ಕೊಡಲಿ?

ಕೊನೆಗೆ ಸಿದ್ದಾಪುರದಿಂದ ಬೇರೆ ಪೈಪು ತರಿಸಿದೆವು, ಅದು ಬರುವ ಹೊತ್ತಿಗೆ ಹೊಳವು ಮುಗಿದಿತ್ತು. ಕೊನೆಗೌಡರು ಮಾತು ಕೊಟ್ಟಿದ್ದ ಮುಂದಿನ ತೋಟಕ್ಕೆ ಹೋಗಿದ್ದರು. ಆಮೇಲೆ ಹದಿನೈದು ದಿನ ಎಡಬಿಡದ ಮಳೆ. ಬೆಳಿಗ್ಗೆ ಕೆಳಗಿನ ತೋಟಕ್ಕೆ ಇಳಿದರೆ ಮರದ ಬುಡದಲ್ಲೆಲ್ಲ ಹಸಿರು ಕಾಯಿ, ಮೇಲೆ ಬಿಳಿ ಬೂಷ್ಟು. ಕಾಲಿಟ್ಟಲ್ಲಿ ಪಿಚಕ್ಕನ್ನುತ್ತದೆ. ಅದರ ವಾಸನೆ ಮನೆಯ ಜಗಲಿಯವರೆಗೆ ಬರುತ್ತಿತ್ತು. ಅರ್ಧ ಬೆಳೆ ಅಲ್ಲೇ ಹೋಯಿತು. ಅದಕ್ಕೇ ಹೇಳುತ್ತೇನೆ, ಕಿವಿಗೆ ಹಾಕಿಕೊಳ್ಳಿ: ಮಳೆಗಾಲದ ಸಾಮಾನನ್ನು, ಹಂಗಾಮಿನ ಸಾಮಾನನ್ನು ಪಾರ್ಸೆಲ್ ನಂಬಿ ಬಿಡಬೇಡಿ.

ಅಷ್ಟಕ್ಕೇ ಮುಗಿಯಲಿಲ್ಲ. ಪೈಪು ವಾಪಸ್ ಕೊಡೋಣ ಅಂದರೆ ತಗೊಂಡು ಹೋಗಲಿಕ್ಕೆ ಯಾರೂ ಬರಲಿಲ್ಲ. ಕೊಡುವಾಗಲೇ ಬಾರದ ಗಾಡಿ ವಾಪಸ್ ತಗೊಳ್ಳಲು ಬರುತ್ತದಾ? ವಾಪಸ್ ಕೊಡುವ ದಿನವೂ ದಾಟಿತು. ಫೋನ್ ಮಾಡಿದರೆ ನಾವು ಮಾರಿದ್ದಲ್ಲ, ಮಾರಿದವರು ಬೇರೆ ಅಂದರು. ಇದು ನಿಜವೂ ಹೌದು, ತಂಗಿ. ವಿದೇಶಿ ಬಂಡವಾಳ ಇರುವ ಇಂಥ ದೊಡ್ಡ ಆ್ಯಪ್‌ಗಳು ನಮ್ಮ ದೇಶದಲ್ಲಿ ತಮ್ಮದೇ ಸಾಮಾನು ಇಟ್ಟು ನೇರ ಮಾರುವ ಹಾಗಿಲ್ಲ. ಅವರು ಸಂತೆ ನಡೆಸುವವರು, ಮಾರುವವರು ಬೇರೆ ಯಾರೋ. ಅವರ ಹೆಸರು ಸಣ್ಣ ಅಕ್ಷರದಲ್ಲಿ ಕೆಳಗೆಲ್ಲೋ ಇರುತ್ತದೆ. ನೀನು ದಿನಾ ತರಿಸುತ್ತೀಯಲ್ಲ, ಒಂದು ಸಲವಾದರೂ ಆ ಹೆಸರು ಓದಿದ್ದೀಯಾ? ಶಿರಸಿಯ ಅಂಗಡಿಯವರಿಗೆ ನಮ್ಮ ಪಂಪು ಯಾವುದು, ಅದಕ್ಕೆ ಯಾವ ತಿರುಪು ಅಂತ ಬಾಯಿಪಾಠ. ಆ ಏಳೆಂಟು ನೂರು ರೂಪಾಯಿ ಜಾಸ್ತಿ ಇದ್ದದ್ದು ಅದಕ್ಕೆ. ಇನ್ನೊಂದು ಸಲ ಹೇಳುತ್ತೇನೆ, ಬೇಸರ ಮಾಡಬೇಡಿ. ಮಳೆಗಾಲದ ಸಾಮಾನನ್ನು ಪಾರ್ಸೆಲ್ ನಂಬಿ ಬಿಡಬೇಡಿ. ಅಂಗಡಿಗೆ ಹೋಗಿ, ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, ಜೋಡಿಸಿ ನೋಡಿ ತನ್ನಿ. ಅದೂ ಮೇ ತಿಂಗಳಿನಲ್ಲೇ ತನ್ನಿ.

ಮತ್ತೊಂದು ವಿಷಯ ಬಹಳ ದಿನದಿಂದ ಮನಸ್ಸಿನಲ್ಲಿದೆ. ಇವತ್ತು ಹೇಳಿಯೇ ಬಿಡುತ್ತೇನೆ. ನಾನು ಪ್ರತಿ ವರ್ಷ ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿ ಹಾಕುವುದು ನಿಮಗೆಲ್ಲ ಗೊತ್ತು. ಮಿಡಿ ಕೊಯ್ಯುವವರಿಗೆ ಮೊದಲೇ ಹೇಳಿಡಬೇಕು, ನೆಲಕ್ಕೆ ಬಿದ್ದದ್ದು ಬೇಡ ಅಂತ. ತೊಟ್ಟು ಒಂದಿಷ್ಟು ಇರುವ ಹಾಗೆ ಕತ್ತರಿಸಿ, ಉಪ್ಪಿನಲ್ಲಿ ಹಾಕಿ, ಅದು ಸುರುಟಿದ ಮೇಲೆ ಖಾರ ಬೀಸಿ, ಭರಣಿಗೆ ತುಂಬಿ ಬಟ್ಟೆ ಕಟ್ಟುವುದು. ಸೊನೆ ತಾಗಿ ಕೈ ಸುಟ್ಟುಕೊಂಡದ್ದು ಎಷ್ಟು ಸಲವೋ. ಯಾರ ಮನೆಗೆ ಎಷ್ಟು ಅಂತ ಲೆಕ್ಕ ಇಟ್ಟು ಡಬ್ಬಿ ಕಟ್ಟಿಡುತ್ತೇನೆ. ಬೆಂಗಳೂರಿನಲ್ಲಿ ನಮ್ಮ ಮಾಣಿಯೊಬ್ಬನ ಗೃಹಪ್ರವೇಶಕ್ಕೆ ಹೋದರೆ ಎಲೆಯ ತುದಿಗೆ ಆನ್‌ಲೈನಿನಲ್ಲಿ ತರಿಸಿದ ಮಿಡಿ ಉಪ್ಪಿನಕಾಯಿ ಬಡಿಸಿದರು. ಬಾಟಲಿಯ ಮೇಲೆ ಶಿರಸಿಯ ಹೆಸರು ಬೇರೆ. ನಾನು ಒಯ್ದ ಡಬ್ಬಿ ಒಳಗೆ ಕಪಾಟಿನ ಮೇಲೆ ಹಾಗೇ ಇತ್ತು. ಹೆಸರು ಹೇಳುವುದಿಲ್ಲ, ಅವನೂ ಈ ಗ್ರೂಪಿನಲ್ಲಿದ್ದಾನೆ. ನನಗೆ ಬೇಸರ ಆಗಿತ್ತು ತಮಾ, ಈಗಲೂ ಇದೆ. ಒಂದು ಫೋನ್ ಮಾಡಿ ದೊಡ್ಡಾಯಿ, ಇಷ್ಟು ಜನ ಊಟಕ್ಕೆ, ಇಷ್ಟು ಬೇಕು ಅಂದಿದ್ದರೆ ಬಸ್ಸಿಗೆ ಹಾಕಿ ಕಳಿಸುತ್ತಿರಲಿಲ್ಲವಾ?

ಮೊದಲು ಪೇಟೆಗೆ ಹೋಗುವವರು ಗೇಟಿನ ಹತ್ತಿರ ನಿಂತು ಕೂಗಿ ಕೇಳುತ್ತಿದ್ದರು, ಏನಾದರೂ ಬೇಕಾ ಅಂತ. ಚೀಲ ಕೊಟ್ಟರೆ ಸಂಜೆ ಸಾಮಾನಿನ ಜತೆ ನಾಲ್ಕು ಸುದ್ದಿಯೂ ಬರುತ್ತಿತ್ತು. ಈಗ ಪಕ್ಕದ ಮನೆಯವರು ಕಾರಿನಲ್ಲಿ ಹೋಗಿ ಬಂದದ್ದೇ ಗೊತ್ತಾಗುವುದಿಲ್ಲ. ಶಿರಸಿಯಲ್ಲಿ ಅಡಿಕೆ ಬೆಳೆಗಾರರು 1923ರಲ್ಲಿ ತಮ್ಮದೇ ಸಹಕಾರಿ ಸಂಘ ಟಿಎಸ್ಎಸ್ ಕಟ್ಟಿದವರು. ಒಟ್ಟಾಗಿ ಮಾರಬೇಕು, ಒಟ್ಟಾಗಿ ಕೊಳ್ಳಬೇಕು ಅಂತ ಹಿರಿಯರು ಕಟ್ಟಿದ ಊರಿನಲ್ಲಿ ಈಗ ಉದ್ದಿನಬೇಳೆಯೂ ರಟ್ಟಿನ ಪೆಟ್ಟಿಗೆಯಲ್ಲಿ ಬರುತ್ತದೆ. ಅದೇ ಊರಿನಲ್ಲಿ ಟಿಎಸ್ಎಸ್ ಸೂಪರ್ ಮಾರ್ಕೆಟ್ ಇದೆ, ಸಂತೆ ಇದೆ. ಹೋಗಲಿ ಬಿಡಿ, ಹೇಳಿದರೆ ದೊಡ್ಡಾಯಿ ಹಳೆ ಕಾಲದವಳು ಅನ್ನುತ್ತೀರಿ.

ಅರೆ, ತಂಗಿ ಕೇಳಿದ್ದು ಬಿಡೋದು ಹೇಗೆ ಅಂತ ಅಲ್ವಾ. ಅದನ್ನೇ ಹೇಳಲಿಲ್ಲ. ನೀನು ನನ್ನಲ್ಲೇ ಏನೋ ದೋಷ ಇದೆ ಅಂತ ಅಂದುಕೊಂಡು ಅಳಬೇಡ. ಒಂದೇ ಸಲ ಒತ್ತಿದರೆ ಖರೀದಿ ಮುಗಿಯುವ ವಿಧಾನಕ್ಕೆ ಅಮೆಜಾನ್ 1999ರಲ್ಲೇ ಅಮೆರಿಕದಲ್ಲಿ ಪೇಟೆಂಟ್ ತಗೊಂಡಿತ್ತು. ಯೋಚನೆ ಮಾಡಲು ಹೊತ್ತು ಸಿಗದ ಹಾಗೆ ಮಾಡಿಟ್ಟದ್ದು ಅದು. ಅಲ್ಲಿಯ ಸರ್ಕಾರ 2023ರಲ್ಲಿ ಅವರ ಮೇಲೆ ಕೇಸನ್ನೂ ಹಾಕಿತು, ಜನರನ್ನು ಒಪ್ಪಿಗೆ ಇಲ್ಲದೆ ಪ್ರೈಮ್ ಅನ್ನುವ ಅವರ ಚಂದಾ ಯೋಜನೆಗೆ ಸೇರಿಸುತ್ತಾರೆ, ಬಿಡಲು ಹೋದರೆ ಸುತ್ತಾಡಿಸುತ್ತಾರೆ ಅಂತ. 2025ರ ಸೆಪ್ಟೆಂಬರಿನಲ್ಲಿ 250 ಕೋಟಿ ಡಾಲರ್ ಕೊಟ್ಟು ಅದನ್ನು ಮುಗಿಸಿಕೊಳ್ಳಲು ಕಂಪನಿ ಒಪ್ಪಿತು. ದೊಡ್ಡಪ್ಪ ಪೇಪರ್ ಓದಿ ಹೇಳಿದ್ದು. ನಮ್ಮ ಕೇಂದ್ರ ಸರ್ಕಾರವೂ 2023ರಲ್ಲಿ ಇಂಥ 13 ಬಗೆಯ ಕುತಂತ್ರ ನಿಷೇಧಿಸಿದೆ. ಬೇಗ ತಗೊಳ್ಳಿ, ಎರಡೇ ಉಳಿದಿದೆ ಅಂತ ಸುಳ್ಳು ಹೇಳಿ ಅವಸರ ಮಾಡುವುದು ಅದರಲ್ಲೊಂದು. ನೀನು ಕೇಳದ ಸಾಮಾನನ್ನು ಬಿಲ್ಲಿಗೆ ಸೇರಿಸುವುದು ಇನ್ನೊಂದು.

ಹಾಗಾಗಿ ಆ್ಯಪ್ ತೆಗೆದರೆ ಸಾಲದು. ಸುಲಭ ಮಾಡಿಟ್ಟದ್ದನ್ನೆಲ್ಲ ನೀನು ಕಷ್ಟ ಮಾಡಬೇಕು. ಅದರಲ್ಲಿ ಉಳಿಸಿಟ್ಟ ಕಾರ್ಡ್ ತೆಗೆ, ಆಮೇಲೆ ದುಡ್ಡು ಕೊಡುವ ಸಾಲದ ಸೌಲಭ್ಯ ಇದ್ದರೆ ಬಾಕಿ ಕಟ್ಟಿ ಮುಚ್ಚಿಸು. ಪ್ರೈಮ್ ತಾನಾಗಿ ಮುಂದುವರಿಯುವುದನ್ನು ನಿಲ್ಲಿಸು, ಆಮೇಲೆ ಫೋನ್‌ಪೇ, ಗೂಗಲ್‌ಪೇ ಯಾವುದಿದೆಯೋ ಅದರಲ್ಲಿ ಆಟೋಪೇ ಅಂತ ಇರುವಲ್ಲಿಗೆ ಹೋಗಿ ಅಲ್ಲೂ ತೆಗೆದಿದೆಯಾ ನೋಡು. ಬೇಕು ಅನ್ನಿಸಿದ್ದನ್ನು ಅಡುಗೆಮನೆ ಕ್ಯಾಲೆಂಡರಿನ ಮೇಲೆ ಬರೆದಿಡು. ಸಂತೆ ದಿನದವರೆಗೆ ಕಾಯಿ. ಅರ್ಧಕ್ಕೆ ಅರ್ಧ ನೀನೇ ಹೊಡೆದು ಹಾಕುತ್ತೀಯ. ಶಿರಸಿಯಲ್ಲಿ ಸಿಗದ ಪುಸ್ತಕವೋ ಔಷಧಿಯೋ ಇದ್ದರೆ ತರಿಸು, ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ. ಎಲ್ಲ ಒಂದೇ ದಿನ ಬಿಡಲು ಹೋಗಬೇಡ, ಮೊದಲು ದಿನಸಿ, ಪಾತ್ರೆ, ಬಟ್ಟೆ ಬಿಡು.

ಅಕೌಂಟೇ ಮುಚ್ಚುವುದಾದರೆ ಅವಸರ ಬೇಡ. ನೀನು ತಗೊಂಡ ಮಿಕ್ಸಿ, ಫ್ರಿಜ್ಜು, ಫೋನು, ಎಲ್ಲದರ ಬಿಲ್ ಇರುವುದು ಅದರೊಳಗೆ. ಅದು ಹೋದರೆ ನಾಳೆ ವಾರಂಟಿ ಕೇಳಲು ಕೈಯಲ್ಲಿ ಕಾಗದ ಇರುವುದಿಲ್ಲ. ಮೊದಲು ಬಿಲ್ಲುಗಳನ್ನು ಇಳಿಸಿಕೊಂಡು ಇಟ್ಟುಕೋ. ವ್ಯಾಲೆಟ್ಟಿನಲ್ಲಿ ದುಡ್ಡಿದ್ದರೆ ಖಾಲಿ ಮಾಡು, ವಾಪಸ್ ಕೊಟ್ಟದ್ದರ ಹಣ ಬರುವುದು ಬಾಕಿ ಇದ್ದರೆ ಅದೂ ಬರಲಿ.

ಹಣ ಬರದೆ ಇದ್ದರೆ ಅವರ ದೂರು ಅಧಿಕಾರಿಗೆ ಬರೆ. 48 ಗಂಟೆಯೊಳಗೆ ದೂರು ಸಿಕ್ಕಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು ಅಂತ 2020ರ ನಿಯಮ ಇದೆ. ಕೇಳದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡಬಹುದು. ಅದಕ್ಕೂ ಆಗದಿದ್ದರೆ ಕಾರವಾರದಲ್ಲಿ ಜಿಲ್ಲಾ ಗ್ರಾಹಕ ಆಯೋಗ ಇದೆ. 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ, ಆನ್‌ಲೈನಿನಲ್ಲೇ ಹಾಕಬಹುದು, ಘಟ್ಟ ಇಳಿದು ಹೋಗಬೇಕಂತಿಲ್ಲ. ಬಿಲ್ ಇಳಿಸಿಕೊಳ್ಳಲು ಗೊತ್ತಾಗದಿದ್ದರೆ ನಮ್ಮನೆ ಮಾಣಿಗೆ ಫೋನ್ ಮಾಡು, ಮಧ್ಯಾಹ್ನ ಊಟ ಆದ ಮೇಲೆ ಮಾಡು, ಬೆಳಿಗ್ಗೆ ಅವನು ತೋಟದಲ್ಲಿರುತ್ತಾನೆ, ಅಲ್ಲಿ ಸಿಗ್ನಲ್ ಇಲ್ಲ.