ಅಮೆರಿಕ, ಯುರೋಪ್ ಇತಿಹಾಸ: ಮನೆಯಲ್ಲಿ ಪ್ರಶ್ನೆ ಕೇಳುವುದು ಹೇಗೆ?

ಕಲ್ಯಾಣಪುರದ ಅಮ್ಮ:
ಮಗಳು ಉಡುಪಿಯಲ್ಲಿ ಬಿ.ಎ. ಓದುತ್ತಿದ್ದಾಳೆ, ಮುಂದಿನ ತಿಂಗಳು ಪರೀಕ್ಷೆ. ರಾತ್ರಿ ಊಟ ಆದ ಮೇಲೆ ಪುಸ್ತಕ ಹಿಡಿದು ನಾನೇ ಪ್ರಶ್ನೆ ಕೇಳುತ್ತೇನೆ. ಅಮೆರಿಕದ ಸ್ವಾತಂತ್ರ್ಯ ಘೋಷಣೆ 1776, ಪ್ಯಾರಿಸಿನ ಬಾಸ್ಟೀಲ್ ಸೆರೆಮನೆ ಕೋಟೆ ಜನರ ಕೈಗೆ ಬಿದ್ದದ್ದು 1789, ನೆಪೋಲಿಯನ್ ಸೋತ ವಾಟರ್ಲೂ ಯುದ್ಧ 1815, ಎಲ್ಲ ಪಟಪಟ ಹೇಳುತ್ತಾಳೆ. ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧ ಎಂದರೆ ಸುಮ್ನೆ ಮುಖ ನೋಡುತ್ತಾಳೆ. ನಾನು ಓದಿದ್ದು ಕಾಮರ್ಸ್, ನನಗೂ ಹೇಳಿಕೊಡಲು ಬರುವುದಿಲ್ಲ. ಹೇಗೆ ಕೇಳಬೇಕು?

ಮಣಿಪಾಲ ಮೇಷ್ಟ್ರು:
ಕಾಮರ್ಸ್ ಓದಿದ್ದು ಒಳ್ಳೆಯದೇ ಆಯಿತು, ಸಾಲದ ಲೆಕ್ಕ ಕೇಳಿ. ಘಟನೆಗಳನ್ನು ಚೀಟಿಗಳಲ್ಲಿ ಬರೆದು ಕಲಸಿ ಕೊಡಿ, ಜೋಡಿಸುವಾಗ ಪ್ರತಿ ಚೀಟಿಗೂ 'ದುಡ್ಡು ಯಾರು ಕೊಟ್ಟರು' ಎಂದು ಕೇಳಿ. ಫ್ರಾನ್ಸಿನ ಜೊತೆಗಿನ ಏಳು ವರ್ಷಗಳ ಯುದ್ಧ 1763ರಲ್ಲಿ ಮುಗಿದಾಗ ಬ್ರಿಟನ್ ಗೆದ್ದಿತ್ತು, ಆದರೆ ಸಾಲದಲ್ಲಿ ಮುಳುಗಿತ್ತು. ಅದಕ್ಕೇ 1765ರಲ್ಲಿ ತನ್ನ ವಸಾಹತುಗಳಾಗಿದ್ದ ಅಮೆರಿಕದವರ ಮೇಲೆ ಸ್ಟಾಂಪ್ ತೆರಿಗೆ (ದಾಖಲೆ, ಪತ್ರಿಕೆಗಳ ಕಾಗದದ ಮೇಲಿನ ತೆರಿಗೆ) ಹಾಕಿತು, ಜಗಳ ಅಲ್ಲಿಂದ ಬೆಳೆಯಿತು. 1778ರಲ್ಲಿ ಫ್ರಾನ್ಸ್ ಅಮೆರಿಕದ ಜೊತೆ ಸೇರಿತು, ಬ್ರಿಟನ್ ಸೋತಿತು, ಆದರೆ ಈಗ ಸಾಲ ಫ್ರಾನ್ಸಿನ ತಲೆ ಮೇಲೆ. ತೀರಿಸಲಾಗದೆ ರಾಜ 16ನೇ ಲೂಯಿ 1614ರ ನಂತರ ಒಮ್ಮೆಯೂ ಸೇರದಿದ್ದ, ಪಾದ್ರಿಗಳು, ಶ್ರೀಮಂತರು, ಜನಸಾಮಾನ್ಯರ ಪ್ರತಿನಿಧಿಗಳ ಸಭೆಯನ್ನು (ಎಸ್ಟೇಟ್ಸ್ ಜನರಲ್) 1789ರ ಮೇನಲ್ಲಿ ಕರೆದ. ಅಲ್ಲಿಯ ಜಗಳ ಬೀದಿಗೆ ಬಂದು ಜುಲೈಯಲ್ಲಿ ಬಾಸ್ಟೀಲ್ ಬಿತ್ತು. ಇಷ್ಟನ್ನು ಪುಸ್ತಕ ಮುಚ್ಚಿಟ್ಟು ಹೇಳಿದರೆ ಅವಳಿಗೆ ಅರ್ಥ ಆಗಿದೆ ಎಂದೇ ಲೆಕ್ಕ.

ಬೋಳೂರಿನವ:
ನಮ್ಮ ಮಂಗಳೂರನ್ನೂ ಸೇರಿಸಿ. ಫ್ರಾನ್ಸ್ ಅಮೆರಿಕದ ಪರ ನಿಂತಿದ್ದಕ್ಕೆ ಬ್ರಿಟಿಷರು ಇಲ್ಲಿ 1779ರಲ್ಲಿ ಫ್ರೆಂಚರ ಮಾಹೆ ಬಂದರನ್ನು ಹಿಡಿದರು, ಹೈದರ್ ಅಲಿಗೆ ಆಯುಧ ಬರುತ್ತಿದ್ದದ್ದೇ ಅಲ್ಲಿಂದ, ಅವನಿಗೆ ಸಿಟ್ಟು ಬಂತು, ಮರುವರ್ಷ ಬ್ರಿಟಿಷರ ಮೇಲೆ ಯುದ್ಧ. 1783ರಲ್ಲಿ ಹೈದರನ ಮಗ ಟಿಪ್ಪು ಬ್ರಿಟಿಷರ ಕೈಲಿದ್ದ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದ್ದಾಗ, ಯುರೋಪಿನಲ್ಲಿ ಬ್ರಿಟನ್‌ಗೂ ಫ್ರಾನ್ಸಿಗೂ ಸಂಧಿ ಆಯಿತು ಎಂಬ ಸುದ್ದಿ ಬಂದದ್ದೇ ತಡ, ಅವನ ಜೊತೆಗಿದ್ದ ಫ್ರೆಂಚ್ ಸೈನಿಕರು ಹೋರಾಟ ಬಿಟ್ಟು ಸರಿದರು. 1784ರ ಮಾರ್ಚಿನಲ್ಲಿ ಟಿಪ್ಪುವಿಗೂ ಬ್ರಿಟಿಷರಿಗೂ ಮಂಗಳೂರು ಒಪ್ಪಂದ. ಅತ್ತ ಅಮೆರಿಕದ ಪೆನ್ಸಿಲ್ವೇನಿಯಾದವರು 1782ರಲ್ಲಿ ತಮ್ಮ ಯುದ್ಧನೌಕೆಗೆ ಹೈದರ್ ಅಲಿಯ ಹೆಸರನ್ನೇ ಇಟ್ಟಿದ್ದರು! 'ಯಾಕೆ ಇಟ್ಟರು' ಎಂದು ಅವಳನ್ನೇ ಕೇಳಿ.

ಪರೀಕ್ಷೆ ಬರೆದವಳು:
ಇದೆಲ್ಲ ಸರಿ, ಆದರೆ ಇಸವಿ ಬಿಡಬೇಡಿ. ಒಂದು ಅಂಕದ ಪ್ರಶ್ನೆಗೆ ಅದೇ ಬೇಕು. ನಾನು ಕಾರಣಗಳನ್ನೇ ಜಾಸ್ತಿ ಓದಿ ಇಸವಿಯಲ್ಲಿ ಅಂಕ ಕಳೆದುಕೊಂಡೆ.

ಕಲ್ಯಾಣಪುರದ ಅಮ್ಮ:
ನಿನ್ನೆ ಚೀಟಿ ಮಾಡಿ ಕೂತೆವು. ಹಡಗಿನ ಪ್ರಶ್ನೆಗೆ 'ಇಬ್ಬರಿಗೂ ಶತ್ರು ಒಬ್ಬನೇ ಅಲ್ವಾ' ಎಂದಳು, ಖುಷಿಯಾಯಿತು. ಆಮೇಲೆ ಅವಳೇ ಕೇಳಿದಳು, ಫ್ರಾನ್ಸಿನ ಆ ಸಾಲ ಕೊನೆಗೆ ತೀರಿತಾ ಅಂತ.

ಮಣಿಪಾಲ ಮೇಷ್ಟ್ರು:
ಪೂರ್ತಿ ಇಲ್ಲ. 1797ರಲ್ಲಿ ಅಲ್ಲಿನ ಸರ್ಕಾರ ಮೂರರಲ್ಲಿ ಎರಡು ಪಾಲಿಗೆ ಕೈ ಎತ್ತಿಬಿಟ್ಟಿತು. ಅದಕ್ಕೂ ಒಂದು ಚೀಟಿ ಬರೆಯಲು ಹೇಳಿ.