ಸಹಾಯ ಬೇಕು: ಋತುಗಳ ಮಾದರಿಯಲ್ಲಿ ಅಕ್ಷ ದಿಕ್ಕು ತಪ್ಪುತ್ತಿದೆ

ನಡುವೆ ಬಲ್ಬು, ತಿರುಗುವ ತೋಳಿನ ತುದಿಯಲ್ಲಿ 23.5 ಡಿಗ್ರಿ ವಾಲಿದ ಗ್ಲೋಬು: ಇಷ್ಟೇ ಮಾದರಿ. ಕೈಯಲ್ಲಿ ಗ್ಲೋಬು ತಿರುಗಿಸಿದರೆ ಹಗಲು-ರಾತ್ರಿ ಚೆನ್ನಾಗಿಯೇ ಕಾಣುತ್ತದೆ. ತೊಡಕಿರುವುದು ಋತುಗಳಲ್ಲಿ. ಪೀಠವನ್ನು ತೋಳಿಗೇ ಬಿಗಿದರೆ ಉತ್ತರ ಧ್ರುವ ಸದಾ ಬಲ್ಬಿನತ್ತಲೇ ವಾಲಿ, ಡಿಸೆಂಬರಿನಲ್ಲೂ ಅಲ್ಲಿ ಬೇಸಿಗೆಯಾಗುತ್ತದೆ. ಅಕ್ಷ ವರ್ಷವಿಡೀ ಒಂದೇ ಗೋಡೆಯ ಕಡೆ ನೋಡಬೇಕು. ಅದಕ್ಕೆ ನಡುವೆ ಅಲುಗದ ರಾಟೆ, ಪೀಠದಡಿ ಅಷ್ಟೇ ವ್ಯಾಸದ ಇನ್ನೊಂದು, ಎರಡಕ್ಕೂ ನೇರ ಬೆಲ್ಟು (ಎಂಟರ ಆಕಾರದಲ್ಲಿ ತಿರುಚಿದ್ದಲ್ಲ) ಹಾಕಿದ್ದೇವೆ. ಆದರೆ ಬೆಲ್ಟು ಜಾರುತ್ತದೆ. ಕೆಲವೇ ಸುತ್ತುಗಳಲ್ಲಿ ಅಕ್ಷ ಹೊರಳಿ, ಜೂನ್ 21ರ ಗುರುತಿನಲ್ಲೂ ಆರ್ಕ್ಟಿಕ್ ವೃತ್ತದ ಅಂಚು ಕತ್ತಲಿಗೆ ಬೀಳುತ್ತದೆ.

ಹಲ್ಲಿನ ಬೆಲ್ಟು ಹಾಕಬೇಕೋ, ಸಮ ಹಲ್ಲುಗಳ ಮೂರು ಗಿಯರ್ ಸಾಲೋ? ಎರಡೇ ಗಿಯರ್ ಆಗದು, ಒಂದು ಪರಿಭ್ರಮಣೆಗೆ ಪೀಠ ಎರಡು ಸುತ್ತು ಹಾಕಿಬಿಡುತ್ತದೆ. ಬೆಲ್ಟೇ ಆದರೆ ಬಿಗಿತ ಹೊಂದಿಸುವುದು ಹೇಗೆ? ಮಾಡಿದವರು ತಿಳಿಸಿ.